ಮಾಂಸದ ನೊಣಗಳ ಏರಿಳಿತ: ಎಕ್ಸೆಲ್ ಹಾಳೆಯಲ್ಲಿ ಗಣಿತದ ಮಾದರಿ ಕಟ್ಟುವ ಬಗೆ

ಮಳೆ ಹಿಡಿದು ನಾಲ್ಕು ದಿನ ಆಯಿತೆಂದರೆ ಹುನಗುಂದ, ಬಾದಾಮಿ ಕಡೆಯ ಕುರಿಗಾರರು ಒಂದೊಂದೇ ಕುರಿ ಹಿಡಿದು ಉಣ್ಣೆ ಸರಿಸಿ ನೋಡುತ್ತಾರೆ. ಸಣ್ಣ ಗಾಯ ಇದ್ದರೂ ಸಾಕು, ಹೊಳೆಯುವ ಹಸಿರು ನೊಣ ಬಂದು ತತ್ತಿ ಇಟ್ಟಿರುತ್ತದೆ. ಒಂದೆರಡು ದಿನ ಬಿಟ್ಟು ನೋಡಿದರೆ ಗಾಯದ ತುಂಬ ಹುಳ. ಸೀತಾಫಲದ ಎಲೆ ಅರೆದು ಹಚ್ಚುವವರಿದ್ದಾರೆ, ಟರ್ಪೆಂಟೈನ್ ಹಾಕುವವರಿದ್ದಾರೆ. ಕೆಲವು ವಾರ ನೊಣ ವಿಪರೀತ. ಆಮೇಲೆ ಸುಮ್ನೆ ಕಡಿಮೆ ಆಗಿಬಿಡುತ್ತವೆ. ಮತ್ತೆ ಬರುತ್ತವೆ.

ಈ ಏರಿಳಿತಕ್ಕೆ ಕಾರಣ ಕೇಳಿದರೆ ನಾವೆಲ್ಲ ಹವಾಮಾನದ ಕಡೆ ಕೈ ತೋರಿಸುತ್ತೇವೆ. ಮಳೆ, ಬಿಸಿಲು, ಗಾಳಿ. ಅದರಲ್ಲಿ ಸತ್ಯ ಇದೆ. ಆದರೆ ಮಳೆ ಗಾಳಿ ಏನೂ ಇಲ್ಲದ ಪಂಜರದಲ್ಲಿ, ದಿನವೂ ಅಷ್ಟೇ ಆಹಾರ ಕೊಟ್ಟು ಸಾಕಿದರೂ ಈ ನೊಣಗಳು ಏರುತ್ತವೆ, ಇಳಿಯುತ್ತವೆ. ಯಾಕೆ ಎನ್ನುವುದನ್ನು ಲೆಕ್ಕದಲ್ಲೇ ಕಾಣಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಗಣಿತ ಅಥವಾ ಪ್ರಾಣಿಶಾಸ್ತ್ರ ಓದುತ್ತಾ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ ಅಂತ ನನ್ನ ಅನಿಸಿಕೆ. ಪಿಯುಸಿ ಎರಡನೇ ವರ್ಷದ ಗಣಿತ, ಒಂದು ಎಕ್ಸೆಲ್ ಹಾಳೆ ಇದ್ದರೆ ಸಾಕು. ಗೂಗಲ್ ಶೀಟ್ಸ್ ಆದರೂ ನಡೆಯುತ್ತದೆ, ಫೋನಿನಲ್ಲೇ ಮಾಡಬಹುದು.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಸಮೀಕರಣದಿಂದ ಶುರು ಮಾಡಬೇಡಿ. ನೊಣದ ಬದುಕಿನಿಂದ ಶುರು ಮಾಡಿ. ಮಾದರಿಗೆ ಬೇಕಾದ ಪ್ರತಿ ಸಂಖ್ಯೆಯೂ ನೊಣದ ಬದುಕಿನಲ್ಲಿ ಎಣಿಸಲು ಸಿಗುವಂಥದ್ದಾಗಿರಬೇಕು.

ಹಂತ 1: ನೊಣದ ದಿನಚರಿ ಬರೆದುಕೊಳ್ಳಿ

ನಮ್ಮ ನೊಣದ ಹೆಸರು ಲೂಸಿಲಿಯಾ ಕುಪ್ರಿನಾ. ಆಸ್ಟ್ರೇಲಿಯಾದಲ್ಲಿ ಕುರಿಗಳಿಗೆ ದೊಡ್ಡ ಪೀಡೆ, ಭಾರತದಲ್ಲೂ ಇದೆ. ನಮ್ಮಲ್ಲಿ ಜೀವಂತ ಗಾಯಕ್ಕೆ ಬೀಳುವ ಕ್ರಿಸೋಮಿಯಾ ಬೆಜ್ಜಿಯಾನಾ ಎನ್ನುವ ಇನ್ನೊಂದು ನೊಣವೂ ಇದೆ. ಎರಡೂ ಒಂದೇ ಕುಟುಂಬದವು. ಲೆಕ್ಕಕ್ಕೆ ಲೂಸಿಲಿಯಾ ತೆಗೆದುಕೊಳ್ಳೋಣ, ಯಾಕೆಂದರೆ ಅದರ ಮೇಲೆ ಬಹಳ ಶ್ರದ್ಧೆಯಿಂದ ಮಾಡಿದ ಎಣಿಕೆ ಇದೆ.

ಹೆಣ್ಣು ನೊಣ ಒಮ್ಮೆಗೆ ಇನ್ನೂರರ ಆಸುಪಾಸು ತತ್ತಿ ಇಡಬಲ್ಲದು. ಬೆಚ್ಚಗಿದ್ದರೆ ಒಂದು ದಿನದೊಳಗೆ ತತ್ತಿ ಒಡೆದು ಹುಳ ಬರುತ್ತದೆ. ಹುಳ ಕೆಲವು ದಿನ ತಿಂದು ಬೆಳೆದು, ತಿನ್ನುವುದು ಬಿಟ್ಟು ಮಣ್ಣಿಗಿಳಿದು ಕೋಶವಾಗುತ್ತದೆ. ಕೋಶ ಒಡೆದು ನೊಣ ಹೊರಬಂದ ಕೂಡಲೇ ತತ್ತಿ ಇಡುವುದಿಲ್ಲ. ಅದಕ್ಕೆ ಮೊದಲು ಪ್ರೋಟೀನ್ ಬೇಕು. ಸಕ್ಕರೆ, ನೀರು ಕುಡಿದು ನೊಣ ಬದುಕುತ್ತದೆ, ಆದರೆ ಮಾಂಸದ ರಸ ಸಿಗದೆ ಹೊಟ್ಟೆಯಲ್ಲಿ ತತ್ತಿ ಬಲಿಯುವುದಿಲ್ಲ.

ಈ ಕೊನೆಯ ವಾಕ್ಯಕ್ಕೆ ಗೆರೆ ಎಳೆದಿಟ್ಟುಕೊಳ್ಳಿ. ಇಡೀ ಕಥೆ ಅದರ ಮೇಲೆ ನಿಂತಿದೆ.

ತತ್ತಿಯಿಂದ ಹಿಡಿದು, ತಾನೇ ತತ್ತಿ ಇಡಬಲ್ಲ ನೊಣ ಆಗುವವರೆಗೆ 25 ಡಿಗ್ರಿಯಲ್ಲಿ ಸುಮಾರು 15 ದಿನ. ಇದನ್ನು 'ತಡ' ಅನ್ನೋಣ. ಬಲಿತ ನೊಣಗಳಲ್ಲಿ ದಿನಕ್ಕೆ ಐದರಲ್ಲೊಂದು ಪಾಲು ಸಾಯುತ್ತವೆ ಅಂದುಕೊಳ್ಳೋಣ. ಅಂದರೆ ಸರಾಸರಿ ಆಯಸ್ಸು 5 ದಿನ.

ಹಂತ 2: ಪಂಜರದಲ್ಲಿ ಏನಾಯಿತು ಅಂತ ತಿಳಿದುಕೊಳ್ಳಿ

ಅಲೆಕ್ಸಾಂಡರ್ ಜಾನ್ ನಿಕೋಲ್ಸನ್ ಆಸ್ಟ್ರೇಲಿಯಾದ ಕೀಟಶಾಸ್ತ್ರಜ್ಞ. 1950ರ ದಶಕದಲ್ಲಿ ಅವರು ಈ ನೊಣಗಳನ್ನು ಪಂಜರದಲ್ಲಿ ತಲೆಮಾರುಗಟ್ಟಲೆ ಸಾಕಿದರು. ತಾಪಮಾನ ಬದಲಾಗದಂತೆ ನೋಡಿಕೊಂಡರು. ಹುಳಗಳಿಗೆ ಬೇಕಾದಷ್ಟು ಆಹಾರ. ದೊಡ್ಡ ನೊಣಗಳಿಗೆ ಸಕ್ಕರೆ, ನೀರು ಬೇಕಾದಷ್ಟು. ಆದರೆ ಪ್ರೋಟೀನ್ ಮಾತ್ರ ಅಳತೆ ಮಾಡಿ: ಇಡೀ ಪಂಜರಕ್ಕೆ ದಿನಕ್ಕೆ ಅರ್ಧ ಗ್ರಾಂ ಲಿವರ್.

ಆಹಾರ ಒಂದೇ ಅಳತೆ, ತಾಪಮಾನ ಒಂದೇ ಅಂದರೆ ನೊಣಗಳ ಸಂಖ್ಯೆಯೂ ಒಂದು ಕಡೆ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ. ಹಲವು ಸಾವಿರಕ್ಕೆ ಏರಿತು. ಕೆಲವೇ ನೂರಕ್ಕೆ ಕುಸಿಯಿತು. ಮತ್ತೆ ಏರಿತು. ಸುಮಾರು 38 ದಿನಕ್ಕೊಮ್ಮೆ ಒಂದು ಸುತ್ತು. ಇನ್ನೂ ಒಂದು ವಿಚಿತ್ರ ಇತ್ತು. ಬಹಳಷ್ಟು ಸುತ್ತುಗಳಲ್ಲಿ ಶಿಖರ ಒಂದಲ್ಲ, ಎರಡು. ಏರಿ, ಸ್ವಲ್ಪ ತಗ್ಗಿ, ಮತ್ತೆ ಏರಿ, ಆಮೇಲೆ ಕುಸಿತ. ನಮ್ಮ ಮಾದರಿ ಪಾಸಾಗಬೇಕಾದರೆ ಇವೆರಡನ್ನೂ ತೋರಿಸಬೇಕು: 38 ದಿನದ ಸುತ್ತು, ಎರಡು ಗೂನಿನ ಶಿಖರ.

ಹಂತ 3: ಪಠ್ಯಪುಸ್ತಕದ ಸಮೀಕರಣ ಯಾಕೆ ಸಾಲದು

ಪುಸ್ತಕದಲ್ಲಿ ಮೊದಲು ಸಿಗುವುದು ಘಾತೀಯ ಬೆಳವಣಿಗೆ. ಅದು ಏರುತ್ತಲೇ ಹೋಗುತ್ತದೆ. ಬಿಡಿ. ಆಮೇಲೆ 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವೆರ್ಹಲ್ಸ್ಟ್ ಕೊಟ್ಟ ಲಾಜಿಸ್ಟಿಕ್ ಸಮೀಕರಣ. ಅದು ಮಿತಿ ತನಕ ಏರಿ ಸಮತಟ್ಟಾಗುತ್ತದೆ. ಆ ಡಿಫರೆನ್ಷಿಯಲ್ ಸಮೀಕರಣ ಎಷ್ಟೇ ತಿರುಚಿದರೂ ಏರಿಳಿತ ಕೊಡುವುದಿಲ್ಲ.

1948ರಲ್ಲಿ ಪರಿಸರ ವಿಜ್ಞಾನಿ ಹಚಿನ್ಸನ್ ಅದಕ್ಕೊಂದು ತಡ ಸೇರಿಸಿದರು. ಬೆಳವಣಿಗೆಗೆ ಬ್ರೇಕ್ ಹಾಕುವುದು ಇಂದಿನ ಸಂಖ್ಯೆಯಲ್ಲ, ಕೆಲವು ದಿನ ಹಿಂದಿನ ಸಂಖ್ಯೆ ಅಂದರು. ಬೆಳವಣಿಗೆಯ ದರವನ್ನು ತಡದಿಂದ ಗುಣಿಸಿದಾಗ 1.57, ಅಂದರೆ ಪೈ ಭಾಗಿಸು 2, ದಾಟಿದರೆ ಏರಿಳಿತ ಶುರು. 1970ರ ದಶಕದಲ್ಲಿ ರಾಬರ್ಟ್ ಮೇ ಇದೇ ಸಮೀಕರಣವನ್ನು ನಿಕೋಲ್ಸನ್ ಅವರ ನೊಣಗಳಿಗೆ ಹೊಂದಿಸಿ ನೋಡಿದರು. ಗ್ರಾಫ್ ಚೆನ್ನಾಗಿಯೇ ಕೂರುತ್ತದೆ.

ಆದರೆ ಇಲ್ಲೊಂದು ಪರೀಕ್ಷೆ ಮಾಡಿ. ಈ ಸಮೀಕರಣದಲ್ಲಿ ಒಂದು ಸುತ್ತಿನ ಉದ್ದ ತಡದ ನಾಲ್ಕು ಪಟ್ಟು, ಏರಿಳಿತ ಜೋರಾದರೆ ಇನ್ನೂ ಜಾಸ್ತಿ. 38 ದಿನದ ಸುತ್ತು ಬರಬೇಕಾದರೆ ತಡ 9 ದಿನದ ಸುತ್ತಮುತ್ತ ಇರಬೇಕು. ನೊಣ ಬಲಿಯಲು ತೆಗೆದುಕೊಳ್ಳುವುದು 15 ದಿನ. ಇವೆರಡು ತಾಳೆ ಆಗುವುದಿಲ್ಲ. ಗ್ರಾಫ್ ಕೂರಿಸಲು ನೊಣವನ್ನು ಒಂಬತ್ತೇ ದಿನದಲ್ಲಿ ಬಲಿಸಲು ಆಗುತ್ತದೆಯೇ? ಎರಡು ಗೂನಿನ ಶಿಖರವೂ ಇದರಲ್ಲಿ ಬರುವುದಿಲ್ಲ. ತಡವನ್ನು ಎಣಿಸಿ ಹಾಕಬೇಕು. ಗ್ರಾಫಿಗೆ ತಕ್ಕಂತೆ ಎಳೆದು ಕೂರಿಸಬಾರದು.

ಹಂತ 4: ಹುಟ್ಟು ಬೇರೆ, ಸಾವು ಬೇರೆ

1980ರಲ್ಲಿ ಗರ್ನಿ, ಬ್ಲೈತ್, ನಿಸ್ಬೆಟ್ ಎನ್ನುವ ಮೂವರು ಈ ಲೆಕ್ಕವನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಉಪಾಯ ಬಹಳ ಸರಳ. ಹುಟ್ಟನ್ನೂ ಸಾವನ್ನೂ ಕಲಸಬೇಡಿ ಅಂದರು. ಸಾವು ಇವತ್ತು ಇರುವ ನೊಣಗಳಿಗೆ ಸಂಬಂಧಿಸಿದ್ದು. ಇವತ್ತು ಹೊಸದಾಗಿ ಬಲಿತು ಬರುವ ನೊಣಗಳು ಮಾತ್ರ 15 ದಿನದ ಹಿಂದೆ ಇಟ್ಟ ತತ್ತಿಗಳಿಂದ ಬಂದವು. ಆ ತತ್ತಿ ಎಷ್ಟು ಎನ್ನುವುದು ಅವತ್ತಿನ ನೂಕುನುಗ್ಗಲಿನ ಮೇಲೆ ನಿಂತಿರುತ್ತದೆ.

ದಿನಕ್ಕೊಂದು ಹೆಜ್ಜೆಯ ಲೆಕ್ಕವಾಗಿ ಬರೆದರೆ ಹೀಗೆ:

ಇಂದಿನ ನೊಣ = 0.8 × ನಿನ್ನೆಯ ನೊಣ + 8 × ಹ × ಇ^(−ಹ ÷ 600)

ಇಲ್ಲಿ 'ಹ' ಅಂದರೆ 15 ದಿನದ ಹಿಂದಿನ ನೊಣಗಳ ಸಂಖ್ಯೆ. 'ಇ' ಅಂದರೆ ನಿಮಗೆ ಗೊತ್ತಿರುವ 2.718. 0.8 ಅಂದರೆ ನಿನ್ನೆಯವುಗಳಲ್ಲಿ ಇವತ್ತು ಉಳಿದ ಪಾಲು. 8 ಅಂದರೆ ಪ್ರೋಟೀನ್ ಹೊಟ್ಟೆತುಂಬ ಸಿಕ್ಕರೆ ಒಂದು ನೊಣದ ಒಂದು ದಿನದ ತತ್ತಿಗಳಿಂದ ಕೊನೆಗೆ ಬಲಿತು ಬರುವ ನೊಣಗಳು. 600 ಎನ್ನುವುದು ಅರ್ಧ ಗ್ರಾಂ ಲಿವರ್‌ನ ಅಳತೆ: ಪಂಜರದ ಒಟ್ಟು ತತ್ತಿ ಅತಿ ಹೆಚ್ಚಾಗುವುದು ನೊಣ 600 ಇದ್ದಾಗ.

ಈ ಕೊನೆಯ ಭಾಗವನ್ನು ಹತ್ತಿರದಿಂದ ನೋಡಿ. 8 × ಹ × ಇ^(−ಹ ÷ 600) ಎನ್ನುವಲ್ಲಿ ಹ ಬದಲು 600 ಹಾಕಿ. ಉತ್ತರ 1766. ಅಂದರೆ 600 ನೊಣಗಳ ಒಂದು ದಿನದ ತತ್ತಿಯಿಂದ 1766 ನೊಣ. ಈಗ 6000 ಹಾಕಿ. ಉತ್ತರ 2. ಹೌದು, ಎರಡೇ ನೊಣ. ಹತ್ತು ಪಟ್ಟು ತಾಯಂದಿರು, ಆದರೆ ಮಕ್ಕಳು ಹತ್ತಿರ ಹತ್ತಿರ ಸೊನ್ನೆ. ಯಾಕೆ? ಅದೇ ಅರ್ಧ ಗ್ರಾಂ ಲಿವರ್ ಮೇಲೆ 6000 ನೊಣ ಮುಗಿಬಿದ್ದವು. ಎಲ್ಲಕ್ಕೂ ಚೂರು ಚೂರು ಸಿಕ್ಕಿತು. ಯಾವುದಕ್ಕೂ ತತ್ತಿ ಬಲಿಯುವಷ್ಟು ಸಿಗಲಿಲ್ಲ. ನೊಣಗಳೇನೂ ಸಾಯಲಿಲ್ಲ, ಸಕ್ಕರೆ ಕುಡಿದು ಹಾರಾಡುತ್ತಲೇ ಇವೆ. ಪಂಜರ ತುಂಬಿ ತುಳುಕುತ್ತಿದೆ. ಆದರೆ ಮುಂದಿನ ತಲೆಮಾರು ಇಲ್ಲ. ಆ ಸಂಗತಿ ಹೊರಗೆ ಕಾಣುವುದು 15 ದಿನದ ಮೇಲೆ.

ನಮ್ಮ ಕಡೆ ಉಳ್ಳಾಗಡ್ಡಿ ಬೆಳೆಯುವವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಈ ಸಲ ರೇಟ್ ಚೆನ್ನಾಗಿದೆ ಅಂತ ಎಲ್ಲರೂ ಹಚ್ಚುತ್ತಾರೆ. ಬೆಳೆ ಕೈಗೆ ಬರುವ ಹೊತ್ತಿಗೆ ಮಾರುಕಟ್ಟೆ ತುಂಬಿ ರೇಟ್ ಬಿದ್ದಿರುತ್ತದೆ. ಹಚ್ಚುವ ದಿನಕ್ಕೂ ಮಾರುವ ದಿನಕ್ಕೂ ನಡುವಿನ ತಡವೇ ಅಲ್ಲಿಯೂ ಏರಿಳಿತ ಹುಟ್ಟಿಸುವುದು.

ಹಂತ 5: ಎಕ್ಸೆಲ್‌ನಲ್ಲಿ ಓಡಿಸಿ

ಹೊಸ ಹಾಳೆ ತೆಗೆಯಿರಿ. ಮೊದಲ ಸಾಲಿನಲ್ಲಿ ತಲೆಬರಹ: ಎ ಕಾಲಂಗೆ 'ದಿನ', ಬಿ ಕಾಲಂಗೆ 'ನೊಣ'. ಎ2 ರಿಂದ ಕೆಳಗೆ 0, 1, 2 ಅಂತ 300 ದಿನದವರೆಗೆ ಎಳೆಯಿರಿ.

ಮೊದಲ 15 ದಿನಕ್ಕೆ ಹಿಂದಿನ ಲೆಕ್ಕ ಇರುವುದಿಲ್ಲ. ಹಾಗಾಗಿ ಆ ದಿನಗಳ ಸಂಖ್ಯೆ ನಾವೇ ಕೊಡಬೇಕು. ಬಿ2 ರಿಂದ ಬಿ16 ರವರೆಗೆ, ಅಂದರೆ 0 ರಿಂದ 14ನೇ ದಿನದವರೆಗೆ, ಎಲ್ಲದರಲ್ಲೂ 500 ಹಾಕಿ.

ಬಿ17 ರಲ್ಲಿ ಈ ಫಾರ್ಮುಲಾ (ಟೈಪ್ ಮಾಡುವಾಗ ಅಕ್ಷರಗಳನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಹಾಕಿ):

=0.8*ಬಿ16+8*ಬಿ2*ಇಎಕ್ಸ್‌ಪಿ(-ಬಿ2/600)

ಎಂಟರ್ ಒತ್ತಿದರೆ 2138 ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ. ಆವರಣ ಚಿಹ್ನೆ, ಮೈನಸ್ ಚಿಹ್ನೆ ಎರಡನ್ನೂ ನೋಡಿ. ಹೆಚ್ಚಾಗಿ ತಪ್ಪುವುದು ಅಲ್ಲೇ. ಸರಿ ಬಂದರೆ ಆ ಸೆಲ್‌ನ ಮೂಲೆ ಹಿಡಿದು ಕೆಳಗೆ ಎಳೆಯಿರಿ. ಎರಡೂ ಕಾಲಂ ಆಯ್ಕೆ ಮಾಡಿ ಗೆರೆ ಗ್ರಾಫ್ ಹಾಕಿ.

ನಿಮ್ಮ ಹಾಳೆಯಲ್ಲಿ ಕಾಣಬೇಕಾದದ್ದು ಇಷ್ಟು. 20ನೇ ದಿನಕ್ಕೆ ಸುಮಾರು 6545. 29ನೇ ದಿನ 8404ಕ್ಕೆ ಮುಟ್ಟುತ್ತದೆ. 30ರಿಂದ ಕುಸಿತ. 32ಕ್ಕೆ 4703, 40ಕ್ಕೆ 792. 47ನೇ ದಿನ 183, ಅದು ತಳ. ಅಲ್ಲಿಂದ ಮತ್ತೆ ಏರಿ 59ನೇ ದಿನ 6753. ಈಗ ನಿಧಾನವಾಗಿ ನೋಡಿ. 63ಕ್ಕೆ 6239ಕ್ಕೆ ತಗ್ಗುತ್ತದೆ. 66ಕ್ಕೆ ಮತ್ತೆ 6977. ಆಮೇಲೆ ಕುಸಿದು 84ನೇ ದಿನ 187.

ಎರಡು ಗೂನು ಬಂದವು! ನಾವು ಅದಕ್ಕೆಂದು ಏನನ್ನೂ ಸೇರಿಸಿರಲಿಲ್ಲ. ತಳದಿಂದ ತಳಕ್ಕೆ ಎಣಿಸಿ: 47ರಿಂದ 84, ಅಂದರೆ 37 ದಿನ. ತಡ 15 ದಿನವೇ ಇಟ್ಟು, ಎಳೆದಾಡದೆ, ನಿಕೋಲ್ಸನ್ ಅವರ ಪಂಜರಕ್ಕೆ ಇಷ್ಟು ಹತ್ತಿರ ಬಂದೆವು. ತರಗತಿಯಲ್ಲಿ ಈ ಗ್ರಾಫ್ ಪರದೆಯ ಮೇಲೆ ಮೂಡುವುದನ್ನು ನೋಡುವುದು ನನಗೆ ಇವತ್ತಿಗೂ ಬಹಳ ಖುಷಿ.

ಎರಡನೇ ಗೂನು ಎಲ್ಲಿಂದ ಬಂತು? 15 ದಿನ ಹಿಂದಕ್ಕೆ ಹೋಗಿ. 47ನೇ ದಿನ ನೊಣ ತೀರಾ ಕಡಿಮೆ ಇದ್ದವು. ಪ್ರೋಟೀನ್ ಹೇರಳ, ಆದರೆ ತತ್ತಿ ಇಡುವ ತಾಯಂದಿರೇ ಇಲ್ಲ. ಅದರ ಪರಿಣಾಮ 62, 63ನೇ ದಿನದ ತಗ್ಗು. ಅದಕ್ಕೆ ಮುಂಚೆ, ಇಳಿಯುವ ದಾರಿಯಲ್ಲಿ ಸಂಖ್ಯೆ 600ರ ಆಸುಪಾಸು ಹಾದಾಗ ತತ್ತಿ ಅತಿ ಜಾಸ್ತಿ. ಏರುವ ದಾರಿಯಲ್ಲಿ 600 ಹಾದಾಗ ಮತ್ತೆ ಜಾಸ್ತಿ. ಒಂದು ತಳದ ಎರಡು ದಡ, ಎರಡು ಗೂನು.

ಹಂತ 6: ಸಮತೋಲದ ಲೆಕ್ಕ, ಕಾಗದದ ಮೇಲೆ

ಇದನ್ನು ಕೈಯಲ್ಲೇ ಮಾಡಿ. ಹುಟ್ಟು, ಸಾವು ಸರಿಸಮ ಆಗುವ ಸಂಖ್ಯೆ ಯಾವುದು? ದಿನದ ಸಾವಿನ ಪಾಲು 0.2. ಹಾಗಾಗಿ 0.2 = 8 × ಇ^(−ನ ÷ 600). ಲಾಗ್ ತೆಗೆದರೆ ನ = 600 × ಲಾಗ್(8 ÷ 0.2) = 600 × ಲಾಗ್ 40. ಇದು ನ್ಯಾಚುರಲ್ ಲಾಗ್, ನೆನಪಿರಲಿ. ಉತ್ತರ ಸುಮಾರು 2213.

ಬಿ2 ರಿಂದ ಬಿ16 ರವರೆಗೆ 500 ತೆಗೆದು 2213 ಹಾಕಿ. ಗ್ರಾಫ್ ಬಹಳ ದಿನ ನೆಟ್ಟಗೆ ಹೋಗುತ್ತದೆ. ಈಗ 2250 ಹಾಕಿ. ಸಣ್ಣ ಅಲೆ ಎದ್ದು, ದೊಡ್ಡದಾಗುತ್ತಾ, ಮತ್ತೆ ಅದೇ ಸುತ್ತಿಗೆ ಬೀಳುತ್ತದೆ. ಸಮತೋಲ ಇದೆ, ಆದರೆ ಅದು ತನ್ನ ಹತ್ತಿರ ಯಾರನ್ನೂ ನಿಲ್ಲಗೊಡುವುದಿಲ್ಲ.

ಯಾವಾಗ ನಿಲ್ಲಗೊಡುತ್ತದೆ? ಸಮತೋಲದ ಸುತ್ತ ಸಮೀಕರಣವನ್ನು ಸರಳರೇಖೆಯಾಗಿಸಿದರೆ, ಅಂದರೆ ಸಮತೋಲದಿಂದ ಆಗುವ ಸಣ್ಣ ವ್ಯತ್ಯಾಸಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಎರಡು ಉತ್ತರ ಸಿಗುತ್ತವೆ. ಒಂದು: ಹುಟ್ಟಿನ ಸಂಖ್ಯೆಯನ್ನು ಸಾವಿನ ಪಾಲಿನಿಂದ ಭಾಗಿಸಿದ್ದು ಇ ವರ್ಗಕ್ಕಿಂತ, ಅಂದರೆ 7.39ಕ್ಕಿಂತ, ಕಡಿಮೆ ಇದ್ದರೆ ತಡ ಎಷ್ಟೇ ಇರಲಿ, ಏರಿಳಿತ ತಾನಾಗಿ ಅಡಗುತ್ತದೆ. ನಮ್ಮದು 8 ÷ 0.2, ಅಂದರೆ 40, ಬಹಳ ಮೇಲಿದೆ. ಎರಡು: 40 ಇದ್ದಾಗ ಏರಿಳಿತ ಶುರುವಾಗಲು ಎಷ್ಟು ತಡ ಬೇಕು ಅಂದರೆ ಸುಮಾರು 4 ದಿನ ಸಾಕು. ನೊಣದ ತಡ 15. ಏರಿಳಿತ ಆಗದೆ ಇರಲು ದಾರಿಯೇ ಇಲ್ಲ.

ಹಂತ 7: ಮಾದರಿಯನ್ನು ಕೆಣಕಿ ನೋಡಿ

ಪ್ರಾಜೆಕ್ಟ್ ಬರೆಯುವವರು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಒಮ್ಮೆಗೆ ಒಂದೇ ಸಂಖ್ಯೆ ಬದಲಿಸಿ.

ಮೊದಲು 8ರ ಬದಲು 1.4 ಹಾಕಿ. 1.4 ÷ 0.2 ಅಂದರೆ 7, ಇದು 7.39ಕ್ಕಿಂತ ಕಡಿಮೆ. ಗ್ರಾಫ್ ಕುಣಿದು ಕುಣಿದು ನಿಧಾನಕ್ಕೆ 1168ರ ಹತ್ತಿರ ನಿಲ್ಲುತ್ತದೆ. ಕಾಗದದ ಲೆಕ್ಕ ಹಾಳೆಯ ಮೇಲೆ ನಿಜವಾಯಿತು.

ಎರಡನೆಯದು ನನಗೆ ತುಂಬ ಇಷ್ಟವಾದ ಪರೀಕ್ಷೆ. ನಿಕೋಲ್ಸನ್ 1954ರಲ್ಲಿ ಪೈಪೋಟಿಯನ್ನು ಎರಡು ಬಗೆ ಮಾಡಿ ಹೇಳಿದರು: ಸ್ಕ್ರಾಂಬಲ್, ಕಾಂಟೆಸ್ಟ್. ಸ್ಕ್ರಾಂಬಲ್ ಅಂದರೆ ಎಲ್ಲರೂ ಮುಗಿಬಿದ್ದು ಯಾರಿಗೂ ಸಾಲದಂತಾಗುವುದು. ಕಾಂಟೆಸ್ಟ್ ಅಂದರೆ ಗೆದ್ದವರಿಗೆ ಪೂರ್ತಿ ಪಾಲು, ಸೋತವರಿಗೆ ಏನೂ ಇಲ್ಲ. ನಮ್ಮ ಸೂತ್ರ ಸ್ಕ್ರಾಂಬಲ್‌ನದು. ಅದನ್ನು ಕಾಂಟೆಸ್ಟ್ ಮಾಡಲು 8 × ಹ × ಇ^(−ಹ ÷ 600) ಬದಲು 8 × ಹ ÷ (1 + ಹ ÷ 600) ಹಾಕಿ. ತಡ ಅದೇ 15. ಏರಿಳಿತ ಮಾಯ! ಸಂಖ್ಯೆ ಏರುತ್ತಾ ಹೋಗಿ 23400ರಲ್ಲಿ ನಿಲ್ಲುತ್ತದೆ. ಅಂದರೆ ತಡ ಒಂದೇ ಇದ್ದರೆ ಸಾಲದು. ಹೆಚ್ಚು ತಾಯಂದಿರು ಸೇರಿದಷ್ಟೂ ಒಟ್ಟು ಮಕ್ಕಳೇ ಕಡಿಮೆ ಆಗುವಂಥ ನೂಕುನುಗ್ಗಲೂ ಬೇಕು. ಎರಡೂ ಕೂಡಿದಾಗಲೇ ಸುತ್ತು.

ಮೂರನೆಯದು ಕುರಿಗಾರರಿಗೆ ಹತ್ತಿರದ್ದು. ಹುಟ್ಟಿ ಬರುವ ನೊಣಗಳಲ್ಲಿ ಅರ್ಧವನ್ನು ದಿನವೂ ಕೊಂದರೆ ಏನಾಗುತ್ತದೆ? 8ರ ಬದಲು 4 ಹಾಕಿ. ಸಮತೋಲ 600 × ಲಾಗ್ 20, ಅಂದರೆ 1797. ಅರ್ಧ ಕೊಂದರೂ ಸಮತೋಲ ಇಳಿದದ್ದು ನೂರಕ್ಕೆ 19ರಷ್ಟು ಮಾತ್ರ. ನೂರಕ್ಕೆ 90 ಕೊಂದರೆ, 8ರ ಬದಲು 0.8 ಹಾಕಿ, 832. ಅಷ್ಟು ಕೊಂದ ಮೇಲೂ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಉಳಿದಿದೆ. ಉಳಿದ ನೊಣಗಳಿಗೆ ಪ್ರೋಟೀನ್ ಜಾಸ್ತಿ ಸಿಕ್ಕಿ ಅವು ಜಾಸ್ತಿ ತತ್ತಿ ಇಟ್ಟು ನಷ್ಟ ತುಂಬಿಕೊಳ್ಳುತ್ತವೆ. ಈಗ 8ನ್ನು ಹಾಗೇ ಬಿಟ್ಟು 600ರ ಬದಲು 300 ಹಾಕಿ, ಅಂದರೆ ನೊಣಕ್ಕೆ ಸಿಗುವ ಆಹಾರವನ್ನೇ ಅರ್ಧ ಮಾಡಿ. ಸಮತೋಲ ನೇರವಾಗಿ ಅರ್ಧಕ್ಕೆ ಬರುತ್ತದೆ, ಸುಮಾರು 1107.

ಪಂಜರದ ಲೆಕ್ಕವನ್ನು ಅಮೀನಗಡದ ಕುರಿ ಸಂತೆಗೆ ಹಾಗೇ ತಂದು ಕೂರಿಸಲು ಬರುವುದಿಲ್ಲ. ಬಯಲಲ್ಲಿ ಇರುವೆ, ಹಕ್ಕಿ, ಬೇರೆ ಜಾತಿಯ ನೊಣ ಎಲ್ಲ ಇವೆ. ಆದರೆ ದಿಕ್ಕು ಮಾತ್ರ ಸ್ಪಷ್ಟ. ಹುಟ್ಟಿ ಬರುವ ನೊಣ ಹೊಡೆಯುವುದಕ್ಕಿಂತ ಗಾಯ ಬೇಗ ಮುಚ್ಚುವುದು, ಸತ್ತ ಪ್ರಾಣಿಯನ್ನು ಹೂಳುವುದು, ಮಾಂಸದ ತ್ಯಾಜ್ಯ ಬಿಸಾಡದಿರುವುದು ಜಾಸ್ತಿ ಕೆಲಸ ಮಾಡುತ್ತದೆ. ನೊಣ ಹೊಡೆಯುವುದು 8ನ್ನು ಮುಟ್ಟುತ್ತದೆ, ಉಳಿದ ಮೂರು 600ನ್ನು.

ಹಂತ 8: ನಿಮ್ಮದೇ ಸಂಖ್ಯೆಗಳನ್ನು ಅಳೆಯಿರಿ

ಮಾಂಸದ ನೊಣವನ್ನು ಕಾಲೇಜಿನಲ್ಲಿ ಸಾಕಲು ಹೋಗಬೇಡಿ. ವಾಸನೆ, ರೋಗಾಣು ಎರಡೂ ತೊಂದರೆ. ಹಣ್ಣಿನ ನೊಣ, ಅಂದರೆ ಡ್ರೊಸೊಫಿಲಾ, ಸಾಕು. ಬಾಳೆಹಣ್ಣು ಇಟ್ಟ ಬಾಟಲಿಯಲ್ಲಿ ಬೆಳೆಯುತ್ತದೆ. 25 ಡಿಗ್ರಿಯಲ್ಲಿ ತತ್ತಿಯಿಂದ ನೊಣ ಆಗಲು ಸುಮಾರು 10 ದಿನ. ಅದರ ಆಯಸ್ಸು, ಪೈಪೋಟಿಯ ಬಗೆ ಬೇರೆ. ಹಾಗಾಗಿ ಮೇಲಿನ ಸಂಖ್ಯೆಗಳನ್ನೇ ಹಾಕಬೇಡಿ, ಅಳೆಯುವ ವಿಧಾನ ಮಾತ್ರ ಒಂದೇ.

ಸಾವಿನ ಪಾಲು: ಒಂದೇ ದಿನ ಹೊರಬಂದ 100 ನೊಣಗಳನ್ನು ಬೇರೆ ಮಾಡಿ, ದಿನವೂ ಬದುಕಿರುವುದನ್ನು ಎಣಿಸಿ. 80, 64, 51, 41 ಅಂತ ಇಳಿದರೆ ಪಾಲು 0.2. ಇಳಿಕೆ ಹೀಗಿರದೆ ಮೊದಲು ನಿಧಾನ, ಆಮೇಲೆ ಜೋರು ಇದ್ದರೆ ಅದನ್ನು ಹಾಗೇ ಬರೆಯಿರಿ, 0.2ಕ್ಕೆ ತಿದ್ದಬೇಡಿ.

ತಡ: ತತ್ತಿ ಇಟ್ಟ ದಿನ ಗುರುತು ಹಾಕಿ, ಅದರಿಂದ ಬಂದ ನೊಣ ಮೊದಲ ತತ್ತಿ ಇಟ್ಟ ದಿನದವರೆಗೆ ಎಣಿಸಿ. ನೊಣ ಹೊರಬಂದ ದಿನಕ್ಕೆ ನಿಲ್ಲಿಸಬೇಡಿ.

8 ಮತ್ತು 600ರ ಜಾಗದ ಎರಡು ಸಂಖ್ಯೆಗಳನ್ನು ಒಟ್ಟಿಗೆ ಹಿಡಿಯುವ ಒಂದು ಸೊಗಸಾದ ದಾರಿ ಇದೆ. ಬೇರೆ ಬೇರೆ ಬಾಟಲಿಯಲ್ಲಿ ಬೇರೆ ಬೇರೆ ಸಂಖ್ಯೆಯ ನೊಣ ಹಾಕಿ, ಆಹಾರ ಮಾತ್ರ ಎಲ್ಲಕ್ಕೂ ಒಂದೇ ಅಳತೆ. ಒಂದು ದಿನದ ತತ್ತಿ ಎಣಿಸಿ. ಆ ತತ್ತಿಗಳಲ್ಲಿ ಕೊನೆಗೆ ಎಷ್ಟು ಪಾಲು ನೊಣ ಆದವು ಎನ್ನುವುದರಿಂದ ಗುಣಿಸಿ. ತಾಯಿ ನೊಣಗಳ ಸಂಖ್ಯೆಯಿಂದ ಭಾಗಿಸಿ. ಇದರ ಲಾಗ್ ತೆಗೆದು, ನೊಣಗಳ ಸಂಖ್ಯೆಯ ಎದುರು ಚುಕ್ಕಿ ಇಡಿ. ನಮ್ಮ ಮಾದರಿ ಸರಿ ಇದ್ದರೆ ಚುಕ್ಕಿಗಳು ನೇರ ಗೆರೆಯಲ್ಲಿ ಕೂರುತ್ತವೆ.

ಉದಾಹರಣೆಗೆ ನಮ್ಮ ಮಾದರಿಯಲ್ಲೇ ನೋಡಿ. 300 ನೊಣ ಇದ್ದಾಗ ಒಂದು ನೊಣಕ್ಕೆ 4.85, 600ಕ್ಕೆ 2.94, 1200ಕ್ಕೆ 1.08, 1800ಕ್ಕೆ 0.40. ಲಾಗ್ ತೆಗೆದರೆ 1.58, 1.08, 0.08, −0.92. 300ರಿಂದ 1800ಕ್ಕೆ ಹೋಗುವಾಗ ಗೆರೆ 2.5 ಇಳಿಯಿತು. 1500 ÷ 2.5 ಅಂದರೆ 600. ಗೆರೆಯನ್ನು ಎಡಕ್ಕೆ ಸೊನ್ನೆಯ ತನಕ ಎಳೆದರೆ 2.08, ಅದು 8ರ ಲಾಗ್. ಎರಡೂ ಸಿಕ್ಕವು. ಚುಕ್ಕಿಗಳು ಗೆರೆಯಲ್ಲಿ ಕೂರದೆ ಬಾಗಿದರೆ ಪೈಪೋಟಿ ಬೇರೆ ಬಗೆಯದು. ಆಗ ಸೂತ್ರವನ್ನೇ ಬದಲಿಸಬೇಕು, ಚುಕ್ಕಿಗಳನ್ನಲ್ಲ.

ಹಂತ 9: ವಿಜಯಪುರದ ಬಿಸಿಲನ್ನು ಲೆಕ್ಕಕ್ಕೆ ತನ್ನಿ

ಪಂಜರದಲ್ಲಿ 25 ಡಿಗ್ರಿ. ವಿಜಯಪುರದಲ್ಲಿ ಬೇಸಿಗೆ ಮಧ್ಯಾಹ್ನ 40 ದಾಟುತ್ತದೆ, ಚಳಿಗಾಲದ ರಾತ್ರಿ ಚೆನ್ನಾಗಿಯೇ ಥಂಡಿ. ಹುಳ ಬೆಳೆಯುವ ವೇಗ ತಾಪಮಾನದ ಮೇಲೆ ನಿಂತಿದೆ, ಹಾಗಾಗಿ ತಡ ವರ್ಷವಿಡೀ ಒಂದೇ ಇರುವುದಿಲ್ಲ.

ಇದಕ್ಕೆ ಡಿಗ್ರಿ-ದಿನದ ಲೆಕ್ಕ ಬಳಸುತ್ತಾರೆ. ಒಂದು ಕೆಳಮಿತಿ ಇಟ್ಟುಕೊಂಡು, ಅದರ ಮೇಲಿನ ಡಿಗ್ರಿಗಳನ್ನು ದಿನವೂ ಕೂಡುತ್ತಾ ಹೋಗಬೇಕು. ಲೆಕ್ಕ ಕಲಿಯಲು ಕೆಳಮಿತಿ 10 ಡಿಗ್ರಿ ಅಂದುಕೊಳ್ಳಿ. 25 ಡಿಗ್ರಿಯಲ್ಲಿ 15 ದಿನ ಅಂದರೆ 15 × 15 = 225 ಡಿಗ್ರಿ-ದಿನ. ದಿನದ ಸರಾಸರಿ 32.5 ಇದ್ದರೆ 10 ದಿನಕ್ಕೆ ಮುಗಿಯುತ್ತದೆ. 20 ಇದ್ದರೆ 22 ದಿನ ದಾಟುತ್ತದೆ. ಬಿಸಿಲು ತೀರಾ ಜಾಸ್ತಿ ಆದರೆ ಹುಳವೇ ಸಾಯುತ್ತದೆ, ಆ ತುದಿಯಲ್ಲಿ ಈ ಸರಳ ಲೆಕ್ಕ ನಡೆಯುವುದಿಲ್ಲ. ಪೊಲೀಸ್ ತನಿಖೆಯಲ್ಲಿ ಶವದ ಮೇಲಿನ ಹುಳ ನೋಡಿ ಸತ್ತು ಎಷ್ಟು ದಿನ ಆಯಿತು ಅಂತ ಅಂದಾಜು ಮಾಡುವುದೂ ಇದೇ ಕುಟುಂಬದ ನೊಣಗಳಿಂದ, ಇದೇ ಲೆಕ್ಕದಿಂದ.

ಹಾಳೆಯಲ್ಲಿ ಸಿ ಕಾಲಂಗೆ ದಿನದ ಸರಾಸರಿ ತಾಪಮಾನ, ಡಿ ಕಾಲಂಗೆ ಆ ದಿನದ ತಡ ಹಾಕಿ. '15 ಸಾಲು ಮೇಲಿನ ಸೆಲ್' ಅನ್ನುವ ಬದಲು 'ಡಿ ಹೇಳಿದಷ್ಟು ಸಾಲು ಮೇಲಿನ ಸೆಲ್' ಬೇಕು. ಎಕ್ಸೆಲ್‌ನ ಆಫ್‌ಸೆಟ್ ಫಾರ್ಮುಲಾ ಈ ಕೆಲಸ ಮಾಡುತ್ತದೆ. ತಡವನ್ನು ಪೂರ್ಣ ಸಂಖ್ಯೆಗೆ ತಂದುಕೊಳ್ಳಿ. ತಾಪಮಾನ ಬೇಗ ಬೇಗ ಬದಲಾಗುವ ತಿಂಗಳಲ್ಲಿ ಕೆಲವು ದಿನದ ತತ್ತಿ ಎರಡು ಸಲ ಎಣಿಕೆಯಾಗಬಹುದು, ಕೆಲವು ಬಿಟ್ಟೇ ಹೋಗಬಹುದು. ಮೊದಲ ಅಂದಾಜಿಗೆ ನಡೆಯುತ್ತದೆ. ಪೈಥಾನ್ ಬರುವವರು ಪ್ರತಿ ದಿನದ ತತ್ತಿಯನ್ನು ಬೇರೆ ಗುಂಪಾಗಿ ಇಟ್ಟು, ಗುಂಪಿಗೊಂದು ಡಿಗ್ರಿ-ದಿನದ ಖಾತೆ ತೆರೆದು, 225 ತುಂಬಿದಾಗ ಬಿಡುಗಡೆ ಮಾಡಿದರೆ ಆ ದೋಷ ಇರುವುದಿಲ್ಲ.

ಹಂತ 10: ಎಣಿಕೆಯ ಜೊತೆ ಹೋಲಿಸುವುದು

ಮಾದರಿಯ ಗೆರೆ, ನಿಜವಾದ ಎಣಿಕೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ದಿನದಿನದ ವ್ಯತ್ಯಾಸದ ವರ್ಗ ಕೂಡುವುದು ಎಲ್ಲರೂ ಮಾಡುವ ಕೆಲಸ. ಈ ನೊಣಗಳಿಗೆ ಅದು ಅಷ್ಟು ಸರಿಹೋಗುವುದಿಲ್ಲ. ಸುತ್ತು ಎರಡು ದಿನ ಮುಂದೆ ಸರಿದರೂ ಸಾಕು, ಆಕಾರ ಪೂರ್ತಿ ಸರಿ ಇದ್ದರೂ ವ್ಯತ್ಯಾಸ ಭಾರಿ ತೋರಿಸುತ್ತದೆ. 2010ರಲ್ಲಿ ಸೈಮನ್ ವುಡ್ ಎನ್ನುವ ಸಂಖ್ಯಾಶಾಸ್ತ್ರಜ್ಞರು ಇದಕ್ಕೆ ಬೇರೆ ದಾರಿ ತೋರಿಸಿದರು, ಅದಕ್ಕೆ ನಿಕೋಲ್ಸನ್ ಅವರ ಎಣಿಕೆಯನ್ನೇ ಬಳಸಿದರು. ದಿನಕ್ಕೆ ದಿನ ಹೋಲಿಸದೆ ಗುಣಗಳನ್ನು ಹೋಲಿಸಬೇಕು. ನಿಮ್ಮ ಮಟ್ಟಕ್ಕೆ ಇಷ್ಟು ಸಾಕು: ಸುತ್ತಿನ ಸರಾಸರಿ ಉದ್ದ, ಶಿಖರದ ಎತ್ತರ, ತಳದ ಸಂಖ್ಯೆ, ಎರಡು ಗೂನು ಇರುವ ಸುತ್ತುಗಳ ಪಾಲು. ಎರಡು ಕಾಲಂ ಮಾಡಿ ಪಕ್ಕಪಕ್ಕ ಬರೆಯಿರಿ.

ನಿಜವಾದ ಎಣಿಕೆ ನಮ್ಮ ಗೆರೆಯಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಹುಟ್ಟಿನ ಭಾಗವನ್ನು ದಿನವೂ ಒಂದು ಯಾದೃಚ್ಛಿಕ ಸಂಖ್ಯೆಯಿಂದ, 0.7 ರಿಂದ 1.3 ರೊಳಗೆ ಬರುವಂತೆ, ಗುಣಿಸಿ. ಎಕ್ಸೆಲ್‌ನ ರ್‍ಯಾಂಡ್ ಫಾರ್ಮುಲಾ ಸಾಕು. ಗ್ರಾಫ್ ಒಮ್ಮೆಲೇ ಪಂಜರದ ಎಣಿಕೆಯಂತೆ ಒರಟಾಗುತ್ತದೆ. ಬೇರೆ ಬೇರೆ ಸಲ ಓಡಿಸಿ, ಮೇಲಿನ ನಾಲ್ಕು ಗುಣಗಳು ಎಷ್ಟು ಆಚೀಚೆ ಆಗುತ್ತವೆ ಎನ್ನುವುದನ್ನೂ ಬರೆದುಕೊಳ್ಳಿ.

ನಿಕೋಲ್ಸನ್ ಅವರ ದೀರ್ಘ ಎಣಿಕೆಯನ್ನು ಹೊಂದಿಸುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಆ ಸರಣಿಯ ಮೊದಲ ಭಾಗದಲ್ಲಿ ಸುತ್ತುಗಳು ಸ್ಪಷ್ಟ, ಕೊನೆಯ ಭಾಗದಲ್ಲಿ ಕಲಸಿಹೋಗಿವೆ. ತಲೆಮಾರುಗಟ್ಟಲೆ ಪ್ರೋಟೀನ್ ಕೊರತೆಯಲ್ಲಿ ಬದುಕಿದ ನೊಣಗಳು ಅದಕ್ಕೆ ಒಗ್ಗಿಕೊಂಡವು. ಕಡಿಮೆ ಪ್ರೋಟೀನಿನಲ್ಲೂ ತತ್ತಿ ಇಡಬಲ್ಲವು ಉಳಿದು ಹೆಚ್ಚಿದವು. ಪಂಜರದಲ್ಲೇ ವಿಕಾಸ ನಡೆಯಿತು. ಅಂದರೆ 8, 600 ಎನ್ನುವ ಸಂಖ್ಯೆಗಳೇ ನಡುವೆ ಬದಲಾದವು. ಹಾಗಾಗಿ ಇಡೀ ಸರಣಿಗೆ ಒಂದೇ ಜೋಡಿ ಸಂಖ್ಯೆ ಹೊಂದಿಸಬೇಡಿ. ಸರಣಿಯನ್ನು ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆ ಹೊಂದಿಸಿ, ಯಾವ ಸಂಖ್ಯೆ ಯಾವ ಕಡೆಗೆ ಸರಿಯಿತು ಎನ್ನುವುದನ್ನು ಪಕ್ಕದಲ್ಲಿ ಬರೆಯಿರಿ.